ಕೆಳಗಿನಿಂದ ನೋಡುವ ಪರೀಕ್ಷೆ

ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ದೊಡ್ಡ ಕರುಳಿನ ಕೆಳಭಾಗಕ್ಕೆ ಕ್ಯಾಮೆರಾ ಇರುವ ನಳಿಕೆ ಹಾಕಿ ನೋಡುವ ಕೋಣೆಯಲ್ಲಿ ಕೆಲಸ. ಅಲ್ಲಿಗೆ ಯಾರೂ ನಗುತ್ತಾ ಬರುವುದಿಲ್ಲ. ಆದರೂ ನಗು ತಡೆಯಲಾಗದೆ ಗೋಡೆ ಕಡೆ ತಿರುಗಿ ನಿಲ್ಲುವ ಪಾಳಿ ನನಗೆ ಆಗಾಗ ಬರುತ್ತಲೇ ಇರುತ್ತದೆ.

ಬಾಯಿ

ಅಳವಂಡಿ ಕಡೆಯ ರೈತರೊಬ್ಬರು ಬಂದವರೇ ಅಂಗಾತ ಮಲಗಿ ಬಾಯಿ ಅಗಲಿಸಿದರು. ಅವರ ಹೆಂಡತಿಗೆ ಹಿಂದೊಮ್ಮೆ ಬಾಯಿಯಿಂದ ನಳಿಕೆ ಹಾಕಿದ್ದರಂತೆ. ಎನಿಮಾ ಕೊಟ್ಟಾಗಲೂ ಬರೀ ಹೊಟ್ಟೆ ತೊಳೆಯುತ್ತಾರೆ ಅಂದುಕೊಂಡಿದ್ದರು. ಎಡಕ್ಕೆ ಹೊರಳಿ ಮೊಣಕಾಲು ಮಡಚಲು ಹೇಳಿ, ನಳಿಕೆ ಹೋಗುವ ದಾರಿ ಯಾವುದೆಂದು ಮೆಲ್ಲಗೆ ತಿಳಿಸಿದೆ. ಹೊರಳಿ ಮೊಣಕಾಲು ಮಡಚಿಕೊಂಡು ಕೇಳಿದರು:

"ಹಂಗಾರ ಬಾಯಿ ಮುಚ್ಚಿಕೊಳ್ಲೇನ್ರಿ?"

ಕಾಲುವೆ

ನವಲಿಯ ಹಿರಿಯರೊಬ್ಬರು ಆಯುಷ್ಯವಿಡೀ ಭತ್ತದ ಗದ್ದೆಗೆ ನೀರು ಹಾಯಿಸಿದವರು. ಪರೀಕ್ಷೆಯುದ್ದಕ್ಕೂ ರೆಪ್ಪೆ ಬಡಿಯದೆ ಕ್ಯಾಮೆರಾದ ಟಿ.ವಿ. ಪರದೆ ನೋಡಿದರು. ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳುವ ಮೊದಲೇ ಅವರು ವರದಿ ಕೊಟ್ಟರು:

"ಎಲ್ಲೂ ಹೂಳಿಲ್ಲ, ಒಡ್ಡು ಒಡದಿಲ್ಲ. ನಮ್ಮ ಹೊಲದ ಕಾಲುವಿಗಿಂತ ಇದ ಛಲೋ ಐತ್ರಿ ಸಾಹೇಬ್ರ."

ಗಾಳಿ

ಇರಕಲ್ಲಗಡದಿಂದ ಒಬ್ಬ ಹೆಣ್ಣುಮಗಳು ಅಳಿಯನ ಜೊತೆ ಬಂದಿದ್ದಳು. ಮಲದಲ್ಲಿ ರಕ್ತ ಹೋಗುತ್ತಿದ್ದುದನ್ನು ಬಹಳ ದಿನ ಮುಚ್ಚಿಟ್ಟಿದ್ದಳು. ಇದು ಕ್ಯಾನ್ಸರೇ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದಳು. ಮಲಗಿದಾಗ ನನ್ನ ಕೈ ಹಿಡಿದು, "ಏನರ ಇದ್ರ ಮಗಳಿಗೆ ಹೇಳಬ್ಯಾಡ್ರಿ, ಬಸುರಿ ಅದಾಳ" ಅಂದಳು.

ಡಾಕ್ಟರು ಪೂರ್ತಿ ನೋಡಿ, ಬರೀ ಮೂಲವ್ಯಾಧಿ, ಔಷಧದಲ್ಲೇ ಹೋಗುತ್ತದೆ ಅಂದರು. ಆಕೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

ಆಮೇಲೆ ಹೊಟ್ಟೆ ಉಬ್ಬರಿಸಿ ನೋಯತೊಡಗಿತು. ಪರೀಕ್ಷೆಗೆಂದು ಗಾಳಿ ತುಂಬಿರುತ್ತಾರೆ, ಅದು ಹೋಗಲೇಬೇಕು, ನಾಚಬೇಡ ಎಂದು ತಿಳಿಸಿದೆ. ಆಕೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೊರಗೆ ಅಳಿಯ ಕೂತಿದ್ದಾನೆ, ಅವನ ಮುಂದೆ ತಾನು ಜೋರಾಗಿ ಮಾತಾಡಿದವಳೂ ಅಲ್ಲ ಎಂದಳು. ಸರಿ, ಅವನಿಗೂ ಪರೀಕ್ಷೆಯ ಗಾಳಿಯ ವಿಷಯ ಬಿಡಿಸಿ ಹೇಳಿ, ಔಷಧ ತರಲು ಕಳಿಸಿದೆ.

ಅತ್ತೆ ನಿಶ್ಚಿಂತೆಯಿಂದ ಹೊಟ್ಟೆ ಹಗುರ ಮಾಡಿಕೊಂಡಳು. ಪರದೆ ಬಟ್ಟೆ ಅಲುಗಾಡುವಷ್ಟು ಜೋರಾಗಿ. ಅದೇ ಕ್ಷಣಕ್ಕೆ ಔಷಧದ ಚೀಲ ಹಿಡಿದು ಅಳಿಯ ಬಾಗಿಲಲ್ಲಿ ನಿಂತಿದ್ದ.

ಆಕೆ ಸೆರಗು ಎಳೆದುಕೊಂಡು, ಏನೂ ಆಗದವಳಂತೆ ಮೆಲ್ಲಗೆ ನನ್ನ ಕಡೆ ನೋಡಿದಳು.

ಅಳಿಯನೂ ನನ್ನ ಕಡೆ ನೋಡಿದ. ಭಾಳ ಮರ್ಯಾದಸ್ಥ ಹುಡುಗ. ಕಳವಳದಿಂದ ಕೇಳಿದ:

"ಸಿಸ್ಟರ್, ನಿಮ್ಮದೂ ಇವತ್ತ ಪರೀಕ್ಷಾ ಆತೇನ್ರಿ?"