ಸ್ಟಾರ್ಟ್ ಒತ್ತಿದರೆ ಹಾರ್ನ್!

ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುವ ನನಗೆ ಒಂದು ಬೈಕಿನ ಸೆಲ್ಫ್ ಸ್ಟಾರ್ಟ್ ರಿಪೇರಿ ಯಾವ ಮಹಾ ಕೆಲಸ ಎಂದು ನಾನು ನಂಬಿದ್ದೆ. ಆ ನಂಬಿಕೆ ಬೈಕಿಗೂ ಇರಬೇಕಿತ್ತು, ಅಷ್ಟೇ!

ಬೈಕು ನಮ್ಮಪ್ಪನದು. ಅವರು ಹೋದಮೇಲೆ ಅಣ್ಣಂದಿರು ಬೇಡವೆಂದರು; ನಾನು ನಂಜನಗೂಡಿಗೆ ತಂದುಕೊಂಡೆ. ಅದರ ವಯಸ್ಸಿಗೆ ಮರ್ಯಾದೆ ಕೊಟ್ಟು ಜನ ಈಗ ವಿಂಟೇಜ್ ಎನ್ನುತ್ತಾರೆ. ಕಿಕ್ಕರ್ ಮೇಲೆ ಹತ್ತಿ ನಿಂತರೆ ಅದು ಇಳಿಯುವುದಿಲ್ಲ, ನಾನೇ ಇಳಿಯುತ್ತೇನೆ. ಹಾಗಾಗಿ ಸೆಲ್ಫೇ ಗತಿ. ಅದೋ, ಮನಸ್ಸಿದ್ದರೆ ತಿರುಗುತ್ತದೆ. ಇಲ್ಲದಿದ್ದರೆ ‘ಟಕ್’ ಎಂದು ಲೊಚಗುಟ್ಟಿ ಸುಮ್ಮನಾಗುತ್ತದೆ.

ಅಷ್ಟರಲ್ಲಿ ಟಿ. ನರಸೀಪುರದಲ್ಲಿ ನಾದಿನಿ ಮಂಜುಳಾ ಮಗಳ ಮದುವೆ ಬಂತು. ವಧೂವರರ ಹಾರಗಳನ್ನು ನಂಜನಗೂಡಿನಿಂದ ತರುವ ಹೊಣೆ ನಮ್ಮದು.

“ಬಸ್ಸಲ್ಲಿ ಹೋಗೋಣ ಕಣೇ,” ಎಂದರು ನಮ್ಮ ಯಜಮಾನರು. ಬೈಕಿನ ಹಿಂದೆ ಕೂರುವುದೇ ಅವರ ಜೀವನದ ದೊಡ್ಡ ಸಾಹಸ.

“ಬಸ್ಸಲ್ಲಿ ಹೂವು ನಲುಗೋಗತ್ತೆ ರೀ. ಸೆಲ್ಫ್ ನಾನು ಸರಿ ಮಾಡ್ತೀನಿ.”

ಹಿಂದಿನ ದಿನ ಮೋಟಾರು ಬಿಚ್ಚಿ ಒರೆಸಿದೆ. ಹ್ಯಾಂಡಲಿನ ಸ್ವಿಚ್ಚು ಬಿಚ್ಚಿ, ಒಳಗಿನ ತಗಡು ಚೆನ್ನಾಗಿ ಅಂಟಲೆಂದು ತುಸು ಬಗ್ಗಿಸಿದೆ. ವೈರುಗಳೆಲ್ಲ ಧೂಳು ಹಿಡಿದು ಒಂದೇ ಬಣ್ಣಕ್ಕೆ ಬಂದಿದ್ದವು. ಶಾಸ್ತ್ರೋಕ್ತವಾಗಿ ಜೋಡಿಸಿ, ಯಜಮಾನರನ್ನು ಕರೆದು ನಿಲ್ಲಿಸಿ, ಸ್ಟಾರ್ಟ್ ಬಟನ್ ಒತ್ತಿದೆ.

‘ಪೀಂ!’

ಹಾರ್ನ್ ಒತ್ತಿದೆ. ಬೈಕು ಸ್ಟಾರ್ಟ್ ಆಯಿತು!

“ಇದೇನೇ ಇದು?”

“ಸ್ಟಾರ್ಟ್ ಆಗೋದು ಮುಖ್ಯ ರೀ. ಯಾವ ಬಟನ್ನು ಅನ್ನೋದು ಅಭ್ಯಾಸದ ಪ್ರಶ್ನೆ.”

ಬೆಳಿಗ್ಗೆ ಚೂಡಿದಾರ ತೊಟ್ಟು, ರೇಷ್ಮೆ ಸೀರೆಯನ್ನು ಬ್ಯಾಗಿಗೆ ತುರುಕಿ, ಹಾರಗಳ ಚೀಲವನ್ನು ಯಜಮಾನರ ಕೈಗೆ ಕೊಟ್ಟು ಹೊರಟೆವು. ಬೈಕು ಹಕ್ಕಿಯಂತೆ ಓಡಿತು. ಕಬ್ಬಿನ ಗದ್ದೆಗಳ ನಡುವೆ ಮೇಕೆ ಮಂದೆ ಅಡ್ಡ ಬಂತು. ಅಭ್ಯಾಸಬಲದಿಂದ ಹಾರ್ನ್ ಒತ್ತಿದೆ. ಓಡುತ್ತಿದ್ದ ಎಂಜಿನ್ನಿಗೆ ಸೆಲ್ಫ್ ಸಿಕ್ಕಿಕೊಂಡು ‘ಕರ್ರ್!’ ಎಂದಿತು. ಬೆಚ್ಚಿ ಕ್ಲಚ್ ಬಿಟ್ಟೆ. ಬೈಕು ನಿಂತಿತು. ಗಾಬರಿಯಲ್ಲಿ ಸ್ಟಾರ್ಟ್ ಒತ್ತಿದೆ. ನಾನೇ ಬಗ್ಗಿಸಿದ ತಗಡು ಅಂಟಿಕೊಂಡಿತು. ‘ಪೀಂ’ ಶುರುವಾಯಿತು, ನಿಲ್ಲಲಿಲ್ಲ!

ಕೀ ಆಫ್ ಮಾಡಿದರೆ ಹಾರ್ನ್ ನಿಲ್ಲುತ್ತದೆ, ಆದರೆ ಬೈಕು ಹೊರಡುವುದಿಲ್ಲ. ಆನ್ ಮಾಡಿದರೆ ಸುತ್ತಲಿನ ಹಳ್ಳಿಗಳೆಲ್ಲ ಎದ್ದು ಕೂರುತ್ತವೆ. ಸೆಲ್ಫು ‘ಟಕ್’ ಎಂದು ಹಳೇ ಚಾಳಿಗೆ ಮರಳಿತ್ತು. ನಾನು ಬಗ್ಗಿ ಮೋಟಾರನ್ನು ತಡಕಾಡಿ, ಅದೇ ಕೈಯಲ್ಲಿ ಬೆವರು ಒರೆಸಿಕೊಂಡೆ. ಯಜಮಾನರು ಕಿಕ್ ಹೊಡೆದರು. ಕಿಕ್ಕರ್ ತಿರುಗಿ ಹೊಡೆಯಿತು.

“ತಳ್ಳಿ ರೀ! ಮುಹೂರ್ತ ಮೀರೋಗತ್ತೆ!”

ಹೂವಿನ ಚೀಲ ಕೆಳಗಿಟ್ಟು ತಳ್ಳಲು ಬಂದರು. ಮೇಕೆಗಳು ಚೀಲಕ್ಕೆ ಬಾಯಿ ಹಾಕಿದವು. ಅವರು ಓಡಿ ಹಾರಗಳನ್ನು ಕಸಿದುಕೊಂಡರು. ಕೈ ಖಾಲಿ ಬೇಕಲ್ಲ? ಎರಡನ್ನೂ ಕೊರಳಿಗೆ ಹಾಕಿಕೊಂಡು ತಳ್ಳಿದರು. ಬೈಕು ಸ್ಟಾರ್ಟ್ ಆಯಿತು. ನಿಲ್ಲಿಸಿದರೆ ಕೆಟ್ಟೆವೆಂದು ಅವರು ಹಾಗೇ ಹಾರಿ ಕೂತರು.

ಮುಂದಿನ ಊರಿನ ರಸ್ತೆಯುಬ್ಬಿನಲ್ಲಿ ನಿಧಾನಿಸಿದಾಗ, ಎಡೆಬಿಡದ ಹಾರ್ನಿಗೆ ಜನ ಹೊರಗೆ ಬಂದಿದ್ದರು. ಕೊಡ ಹಿಡಿದ ಹೆಂಗಸೊಬ್ಬಳು ಅಡ್ಡ ನಿಂತಳು.

“ಗೆದ್ದುಬುಟ್ರಾ ಸಾ? ನಮ್ ಬೀದಿಗೆ ನೀರೇ ಬತ್ತಾಯಿಲ್ಲ ಕಣ್ ಸಾ!”

ಯಜಮಾನರು ಎರಡೂ ಕೈ ಮುಗಿದು, “ಮಾಡ್ಸ್ಕೊಡ್ತೀನಿ ಕಣಮ್ಮ,” ಎಂದುಬಿಟ್ಟರು! ಹಿಂದಿನಿಂದ ಯಾರೋ ಜೈಕಾರವನ್ನೂ ಕೂಗಿದರು.

“ಯಾಕ್ರೀ ಹಾಗಂದ್ರಿ?”

“ಪಾಪ, ಅಷ್ಟು ಆಸೆಯಿಂದ ಕೇಳಿದ್ರು ಕಣೇ.”

ಛತ್ರದ ಬಾಗಿಲಲ್ಲಿ ಕೀ ತಿರುಗಿಸಿದೆ. ಹಾರ್ನ್ ನಿಂತಾಗ ವಾದ್ಯದವರೂ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಮಂಜುಳಾ ಓಡಿಬಂದಳು.

“ಅತ್ತಿಗೆ, ಕೊರಳಿಗೆ ಹಾಕ್ಕೊಂಡಿದ್ದನ್ನ ಮದುಮಕ್ಕಳಿಗೆ ಹಾಕೋದಾ? ಬಿಡಿ, ನೀವಿನ್ನೂ ಬರ್ಲಿಲ್ಲ ಅಂತ ಎದುರುಗಡೆ ಅಂಗಡೀಲೇ ಬೇರೆ ತಂದಾಯ್ತು.”

ಎದುರಿಗೇ ಹೂವಿನಂಗಡಿ! ಮುಹೂರ್ತಕ್ಕೆ ಅಡ್ಡಿಯಾಗಲಿಲ್ಲವಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಗಂಡಿನ ಕಡೆಯ ಹಿರಿಯರೊಬ್ಬರು ಯಜಮಾನರ ಹಾರಗಳನ್ನು ನೋಡಿ ದೊಡ್ಡ ಮನುಷ್ಯರೆಂದು ಭಾವಿಸಿ, ಕೈಹಿಡಿದು ಕರೆದೊಯ್ದು ಮುಂದಿನ ಸೋಫಾದಲ್ಲಿ ಕೂರಿಸಿ ಕಾಫಿ ತರಿಸಿದರು. ಯಜಮಾನರು ಬೇಡವೆನ್ನಲಿಲ್ಲ.

ನಾನೂ ಹಿಂದೆಯೇ ಹೊರಟೆ. ಮುಖಕ್ಕೆಲ್ಲ ಗ್ರೀಸು ಮೆತ್ತಿದೆಯೆಂದು ನನಗೇನು ಗೊತ್ತು? ಆ ಹಿರಿಯರು ಮೆಲ್ಲಗೆ ನನ್ನನ್ನು ತಡೆದರು.

“ಡ್ರೈವರ್‌ಗಳಿಗೆ ಊಟ ಎರಡನೇ ಪಂಕ್ತೀಲಿ ಕಣಮ್ಮ. ಬೇಜಾರ್ ಮಾಡ್ಕೋಬೇಡ.”

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಹೋಗಿ ವ್ಯಾನ್ ಡ್ರೈವರುಗಳ ಪಕ್ಕ ಕೂತೆ. ಸದ್ಯ, ಮೆಕ್ಯಾನಿಕ್ ಅನ್ನಲಿಲ್ಲವಲ್ಲ; ಅಂದಿದ್ದರೆ ನಿಜವಾದ ಮೆಕ್ಯಾನಿಕ್ಕುಗಳಿಗೆ ಅವಮಾನವಾಗುತ್ತಿತ್ತು!