ಕೊಟ್ಟ ಹಾಗೆ ಮಾಡಿ ಕೊಡದ ಕೇಕು

ಮಗಳ ಮದುವೆಯ ದಿನ ಬೆಳಿಗ್ಗೆ ಹಾರ್ಲನ್ ಟಿಡ್‌ವೆಲ್ ಅಡುಗೆಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತು, ಇವತ್ತು ಸೂರ್ಯ ಮುಳುಗುವವರೆಗೆ ತನ್ನ ಬಾಯಿಂದ ಫುಟ್‌ಬಾಲ್ ಎಂಬ ಶಬ್ದ ಹೊರಬೀಳುವುದಿಲ್ಲ ಎಂದು ಘೋಷಿಸಿದ. ಭೀಷ್ಮ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿಯಿತಂತೆ. ಹಾರ್ಲನ್ ಪ್ರತಿಜ್ಞೆ ಮಾಡಿದಾಗ ಹೆಂಡತಿ ನೇಡೀನ್ ತಿರುಗಿಯೂ ನೋಡಲಿಲ್ಲ. ಅವಳು ಕೇಕಿನ ಮೇಲೆ ಬಿಳಿ ಕೆನೆಯಲ್ಲಿ ಹೊಲಿಗೆ ಬಿಡಿಸುತ್ತಿದ್ದಳು.

"ನಿನ್ನ ಚಿಕ್ಕಪ್ಪನ ಮಣ್ಣಿಗೆ ಹೋದಾಗಲೂ ಹೀಗೇ ಅಂದಿದ್ದೆ. ಪೆಟ್ಟಿಗೆ ಕೆಳಗಿಳಿಯೋಕೆ ಮುಂಚೆ ಶುರು ಮಾಡ್ದೆ."

"ಅವತ್ತು ಎದುರಿಗೆ ಓಡೆಲ್ ನಿಂತಿದ್ದ."

"ಇವತ್ತೂ ನಿಂತಿರ್ತಾನೆ. ನಿನ್ನ ಬೀಗ ಅವನು."

ಎಲ್ಲ ತೊಂದರೆಯ ಬೇರು ಅಲ್ಲೇ ಇತ್ತು. ಅಲಬಾಮಾದ ಆ ಸಣ್ಣ ಊರಿನ ಶಾಲೆಯ ತಂಡದಲ್ಲಿ ಒಂದು ಕಾಲಕ್ಕೆ ಹಾರ್ಲನ್ ಕ್ವಾರ್ಟರ್‌ಬ್ಯಾಕ್, ಓಡೆಲ್ ಕ್ರೆನ್‌ಶಾ ರನ್ನಿಂಗ್ ಬ್ಯಾಕ್. ಅಮೆರಿಕದ ಈ ಫುಟ್‌ಬಾಲ್ ಆಡುವುದು ಕೈಯಲ್ಲಿ, ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ಅದು ಅವನ ತೀರ್ಮಾನ. ಕೊಟ್ಟರೆ ಅದನ್ನು ಹೊಟ್ಟೆಗೆ ಅವುಚಿಕೊಂಡು, ಗೂಳಿಗಳಂಥ ಆಳುಗಳ ನಡುವೆ ತಲೆ ತಗ್ಗಿಸಿ ನುಗ್ಗುವವನು ರನ್ನಿಂಗ್ ಬ್ಯಾಕ್. ಪಕ್ಕದ ಊರಿನ ಮೇಲಿನ ಕೊನೆಯ ಪಂದ್ಯದಲ್ಲಿ ಗೆಲುವಿಗೆ ಉಳಿದಿದ್ದು ನಾಲ್ಕು ಹೆಜ್ಜೆ ನೆಲ. ಓಡೆಲ್ ಕೈಗೆ ಚೆಂಡು ಕೊಟ್ಟರೆ ಕೆಲಸ ಮುಗಿಯಿತು ಎಂದು ಕಡಲೆಕಾಯಿ ಮಾರುವವನಿಗೂ ಗೊತ್ತಿತ್ತು. ಹಾರ್ಲನ್ ಕೊಟ್ಟ ಹಾಗೆ ಮಾಡಿ, ಕೊಡದೆ, ಹಿಂದಕ್ಕೆಳೆದು ಎಸೆದ. ಚೆಂಡು ಎದುರಾಳಿಯ ತೋಳಿಗೆ ಹೋಗಿ ಬಿತ್ತು.

ಅಂದಿನಿಂದ ಇಬ್ಬರೂ ಪೆಟ್ರೋಲ್ ಬಂಕಿನಲ್ಲಿ ಸಿಕ್ಕರೂ ಸಾಕು, ಇಬ್ಬರಲ್ಲಿ ಯಾರ ಬೆಲೆ ಹೆಚ್ಚು ಎಂಬ ವಾದ. ನಾಲ್ಕು ಜನ ದಾಂಡಿಗರು ಮೈಮೇಲೆ ಬೀಳುತ್ತಿರುವಾಗ ಉಸಿರು ಬಿಡುವಷ್ಟರಲ್ಲಿ ಮೈದಾನವನ್ನೆಲ್ಲ ಓದಿ ಮುಗಿಸುವವನು ಕ್ವಾರ್ಟರ್‌ಬ್ಯಾಕ್, ಉಳಿದವರೆಲ್ಲ ಮೂಟೆ ಹೊರುವವರು ಎಂದು ಹಾರ್ಲನ್. ಟಿವಿಯಲ್ಲಿ ನೋಡು, ಕ್ವಾರ್ಟರ್‌ಬ್ಯಾಕ್‌ಗೆ ರಾಜಮರ್ಯಾದೆ, ನಿನ್ನಂಥವರನ್ನು ಮೊಣಕಾಲು ಸವೆದ ಕೂಡಲೇ ಮನೆಗೆ ಕಳಿಸುತ್ತಾರೆ ಎಂದು ಒಗ್ಗರಣೆ ಬೇರೆ. ಮಳೆ ಬಂದು ಚೆಂಡು ಜಾರುವಾಗ ಯಾರನ್ನು ಕರೆಯುತ್ತೀರಿ ಎಂದು ಓಡೆಲ್ ಕೇಳುತ್ತಿದ್ದ. ನಾನು ಓಡುತ್ತೇನೆಂಬ ಭಯ ಇಲ್ಲದಿದ್ದರೆ ಅವರೆಲ್ಲ ನಿನ್ನ ಎದೆಯ ಮೇಲೆ ಕೂತು ಊಟ ಮಾಡುತ್ತಿದ್ದರು ಎನ್ನುತ್ತಿದ್ದ. ಕೇಳಿ ಕೇಳಿ ಎರಡೂ ಮನೆಯವರ ಕಿವಿ ತೂತಾಗಿತ್ತು.

ಇಂಥವರ ಮಕ್ಕಳು ಪ್ರೀತಿಸಿದರು. ಹಾರ್ಲನ್ ಮಗಳು ಕ್ಯಾಲಿ, ಓಡೆಲ್ ಮಗ ವೇಡ್. ಹುಡುಗ ಜೀವಮಾನದಲ್ಲಿ ಆ ಚೆಂಡು ಮುಟ್ಟಿದವನಲ್ಲ. ಶಾಲೆಯ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಿದ್ದ, ಮೈಗೆ ಸುತ್ತಿಕೊಳ್ಳುವಷ್ಟು ದೊಡ್ಡ ಹಿತ್ತಾಳೆಯ ವಾದ್ಯ. ಈ ವಾದದಲ್ಲಿ ನಿನ್ನ ಅಭಿಪ್ರಾಯವೇನಪ್ಪ ಎಂದು ಅಪ್ಪನಾಗಲಿ ಮಾವನಾಗಲಿ ಅವನನ್ನು ಒಮ್ಮೆಯೂ ಕೇಳಿರಲಿಲ್ಲ.

ಆ ಸೀಮೆಯ ಮದುವೆಯಲ್ಲಿ ಮದುಮಗಳ ಬಿಳಿ ಕೇಕಿನ ಪಕ್ಕದಲ್ಲಿ ಮದುಮಗನಿಗೆಂದು ಬೇರೊಂದು ಕೇಕು ಇಡಲೇಬೇಕು, ಅವನಿಗೆ ಯಾವುದು ಪ್ರಾಣವೋ ಅದರ ಆಕಾರದಲ್ಲಿ. ಅದು ಹೆಣ್ಣಿನ ಕಡೆಯವರ ಖರ್ಚು. ಬಿಳಿ ಹೊಲಿಗೆಯ, ಮೊಟ್ಟೆಯಂಥ ಆ ಕಂದು ಚೆಂಡಿನ ಆಕಾರವೇ ಆಗಬೇಕೆಂದು ಇಬ್ಬರು ಅಪ್ಪಂದಿರೂ ಜೀವನದಲ್ಲಿ ಮೊದಲ ಬಾರಿಗೆ ಒಮ್ಮತಕ್ಕೆ ಬಂದಿದ್ದರು. ನೇಡೀನ್ ಆಗಲಿ ಎಂದು ತಲೆಯಾಡಿಸಿದ್ದಳು.

ಈಗ ಅವಳು ಕೇಕನ್ನು ತಟ್ಟೆಯ ಸಮೇತ ಗಂಡನ ಕೈಗಿಟ್ಟಳು. ಮದುವೆಯಲ್ಲಿ ನಿನಗಿರುವುದು ಇದೊಂದೇ ಕೆಲಸ, ಇದನ್ನು ಚರ್ಚಿನ ಹಾಲ್‌ಗೆ ಮುಟ್ಟಿಸು, ದಾರಿಯಲ್ಲಿ ಯಾರ ಜೊತೆಗೂ ಮಾತಿಗೆ ನಿಲ್ಲಬೇಡ ಎಂದಳು. ತಾನೂ ಕ್ಯಾಲಿಯೂ ಆಮೇಲೆ ಬರುತ್ತೇವೆ ಎಂದು ಹೇಳಿ, ಅವನು ಮೆಟ್ಟಿಲಿಳಿಯುವ ಮುಂಚೆಯೇ ಬಾಗಿಲು ಹಾಕಿಕೊಂಡಳು.

ಹಾರ್ಲನ್ ಕೇಕಿಗೆ ಸೀಟ್‌ಬೆಲ್ಟ್ ಬಿಗಿದು, ಟ್ರಕ್ಕನ್ನು ಶವಯಾತ್ರೆಯ ವೇಗದಲ್ಲಿ ಓಡಿಸಿದ. ಚರ್ಚಿನ ಹಿಂಬಾಗಿಲು ತಲುಪಿದಾಗ ಕೇಕಿಗೆ ಒಂದು ಗೀರೂ ಬಿದ್ದಿರಲಿಲ್ಲ, ಪ್ರತಿಜ್ಞೆಗೂ ಬಿದ್ದಿರಲಿಲ್ಲ. ಮೆಟ್ಟಿಲ ಮೇಲೆ ಓಡೆಲ್ ನಿಂತಿದ್ದ. ಹಳೆಯ ಸೂಟು ಹೊಟ್ಟೆಯ ಹತ್ತಿರ ಸೋಲೊಪ್ಪಿಕೊಂಡಿತ್ತು.

"ಚೆಂಡು ಚೆನ್ನಾಗಿದೆ ಬೀಗರೇ. ಇವತ್ತು ಎಸೀತೀರೋ, ಹೊತ್ಕೊಂಡು ಬರ್ತೀರೋ?"

ಹಾರ್ಲನ್ ತುಟಿ ಕಚ್ಚಿಕೊಂಡ. ಹೊತ್ತುಕೊಂಡೇ ಬರುತ್ತೇನೆ ಎಂದಷ್ಟೇ ಅಂದ.

"ನೋಡಿದ್ಯಾ, ಬೆಲೆ ಬಾಳೋ ಸಾಮಾನು ಅಂದ್ರೆ ನೀನೂ ಹೊತ್ಕೊಂಡೇ ಬರ್ತೀಯ. ನಾನು ಹೇಳ್ತಿದ್ದಿದ್ದೂ ಅದನ್ನೇ."

ಪ್ರತಿಜ್ಞೆ ಅಲ್ಲಿಗೆ ಮಣ್ಣುಪಾಲಾಯಿತು. ಹಾರ್ಲನ್ ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡೇ ಹಳೆಯ ಕಥೆ ಶುರು ಮಾಡಿದ. ಎಸೆದದ್ದು ತಪ್ಪಿರಬಹುದು, ಆದರೆ ಅದಕ್ಕೆ ಮುಂಚಿನ ಆಟ ಇದೆಯಲ್ಲ, ಅದು ಕಲೆ. ಕೊಟ್ಟ ಹಾಗೆ ಮಾಡಬೇಕು, ಕೊಡಬಾರದು. ಎಲ್ಲರ ಕಣ್ಣು ಒಂದು ಕಡೆ, ಮಾಲು ಇನ್ನೊಂದು ಕಡೆ. ಇಡೀ ಊರು ಓಡೆಲ್ ಹಿಂದೆ ಓಡಿತ್ತು, ಬರಿಗೈಯಲ್ಲಿ ಓಡಿದ ಓಡೆಲ್ ಹಿಂದೆ. ಹೇಳುತ್ತಾ ಹೇಳುತ್ತಾ ಅವನ ಕೈಯ ತಟ್ಟೆ ಗಾಳಿಪಟದ ಹಾಗೆ ಓಲಾಡತೊಡಗಿತು.

"ಕೊಡು ಇಲ್ಲಿ, ಬೀಳಿಸ್ತೀಯ," ಎಂದು ಓಡೆಲ್ ಕೆಳಗಿಳಿದು, ಒಂದು ತೋಳು ಎದೆಗೆ, ಇನ್ನೊಂದು ತೋಳು ಹೊಟ್ಟೆಗೆ ಅಡ್ಡ ಹಿಡಿದು, ನಡುವೆ ಜಾಗ ಮಾಡಿ, ಹಿಂದೆ ಮೈದಾನದಲ್ಲಿ ಚೆಂಡಿಗೆ ನಿಲ್ಲುತ್ತಿದ್ದ ಹಾಗೆಯೇ ನಿಂತ.

ತಪ್ಪಾದದ್ದು ಅಲ್ಲೇ. ಆ ತೋಳು, ಆ ಜಾಗ, ಹಾರ್ಲನ್ ಕಣ್ಣಿಗೆ ಎಷ್ಟೋ ವರ್ಷದ ಮೇಲೆ ಬಿದ್ದಿದ್ದವು. ಕೊಟ್ಟುಬಿಡು ಎಂದಿತು ತಲೆ. ಕೈ ತಲೆಯನ್ನು ಕೇಳಲಿಲ್ಲ. ಅದು ತಟ್ಟೆಯನ್ನು ಓಡೆಲ್ ಹೊಟ್ಟೆಗೆ ನಾಜೂಕಾಗಿ ಮುಟ್ಟಿಸಿ, ಸರಕ್ಕನೆ ಹಿಂದಕ್ಕೆಳೆದುಕೊಂಡಿತು. ಓಡೆಲ್ ಮೈಗೂ ಅಷ್ಟೇ ಹಳೆಯ ಅಭ್ಯಾಸ. ಖಾಲಿ ಗಾಳಿಯನ್ನು ಎರಡೂ ತೋಳಲ್ಲಿ ಅವುಚಿಕೊಂಡು, ತಲೆ ತಗ್ಗಿಸಿ ನುಗ್ಗಿ, ಚರ್ಚಿನ ಬಾಗಿಲಿಗೆ ಭುಜ ಕೊಟ್ಟ. ಇತ್ತ ಹಾರ್ಲನ್ ತಟ್ಟೆಯನ್ನು ಸೊಂಟದ ಮರೆಗೆ ತಂದು ಗರಕ್ಕನೆ ತಿರುಗಿದ. ತಟ್ಟೆ ಅವನ ಜೊತೆ ತಿರುಗಿತು. ಕೇಕು ತಿರುಗಲಿಲ್ಲ. ಅದು ಹುಲ್ಲಿನ ಮೇಲೆ ಮೂರು ತುಂಡಾಗಿ ಮಲಗಿತು.

ಓಡೆಲ್ ಭುಜ ಉಜ್ಜಿಕೊಳ್ಳುತ್ತಾ ಬಂದು ಕೇಕನ್ನು ನೋಡಿದ. ಹಾರ್ಲನ್ ಅಂದುಕೊಂಡ ಹಾಗೆ ಅವನು ನಗಲಿಲ್ಲ.

"ಅವತ್ತೂ ಕೊಡಲಿಲ್ಲ. ಇವತ್ತೂ ಕೊಡಲಿಲ್ಲ," ಎಂದ ಓಡೆಲ್. "ನಂಬಿಕೆ ಇಲ್ಲ ನಿಂಗೆ ನನ್ಮೇಲೆ. ಅಷ್ಟೇ ವಿಷಯ. ಬೆಲೆ ಗಿಲೆ ಎಲ್ಲ ಆಮೇಲಿಂದು."

ಹಾರ್ಲನ್ ಖಾಲಿ ತಟ್ಟೆಯನ್ನು ಹುಲ್ಲಿನ ಮೇಲಿಟ್ಟ. ನಾಚಿಕೆಯಾಯಿತು. ಆದರೆ ನಾಚಿಕೆಪಡುತ್ತಾ ನಿಲ್ಲಲು ಪುರುಸೊತ್ತಿರಲಿಲ್ಲ, ಯಾವ ಗಳಿಗೆಯಲ್ಲಾದರೂ ನೇಡೀನ್ ಬರಬಹುದಿತ್ತು. ಇಬ್ಬರೂ ಸೂಟಿನಲ್ಲೇ ಮೊಣಕಾಲೂರಿ ತುಂಡುಗಳನ್ನು ತಟ್ಟೆಗೆ ಎತ್ತಿ, ಹುಲ್ಲು ಆರಿಸಿ, ಒತ್ತಿ ಒತ್ತಿ ಚೆಂಡು ಕಟ್ಟಿದರು. ಬೆರಳಿಗೆ ಮೆತ್ತಿದ್ದನ್ನು ನೆಕ್ಕಿದ ಓಡೆಲ್ ಮುಖ ಸಿಂಡರಿಸಿದ.

"ಇದು ಮೆಕ್ಕೆಜೋಳದ ರೊಟ್ಟಿ ಥರ ಇದೆ ಕಣೋ. ಸಕ್ಕರೆನೇ ಇಲ್ಲ."

ಹಾರ್ಲನ್ ರುಚಿ ನೋಡಿದ. ಮೇಲಿನ ಚಾಕಲೇಟ್ ಲೇಪ ಬಿಟ್ಟರೆ ಒಳಗೆಲ್ಲ ಆ ಸೀಮೆಯವರು ಬ್ರೆಡ್ಡಿನಂತೆ ದಪ್ಪಗೆ ಬೇಯಿಸುವ ಒಣ ರೊಟ್ಟಿ. ಪಾಪ, ಮಗಳನ್ನು ಕಳಿಸಿಕೊಡುವ ಸಂಕಟದಲ್ಲಿ ಹೆಂಡತಿಗೆ ಕೈ ತಪ್ಪಿದೆ ಎಂದು ಅವನು ಮರುಗಿದ. ಈ ವಿಷಯ ಯಾರಿಗೂ ಹೇಳಬಾರದು, ಅವಳಿಗಂತೂ ಸಾಯುವವರೆಗೆ ಹೇಳಬಾರದು ಎಂದು ಇಬ್ಬರೂ ಉದಾರ ಮನಸ್ಸಿನಿಂದ ತೀರ್ಮಾನಿಸಿದರು. ಅಳಿಸಿಹೋದ ಬಿಳಿ ಹೊಲಿಗೆಗೆ ಮಾತ್ರ ಕೆನೆ ಇರಲಿಲ್ಲ. ಓಡೆಲ್ ಚರ್ಚಿನ ಅಡುಗೆಮನೆಗೆ ಹೋಗಿ, ಸ್ಯಾಂಡ್‌ವಿಚ್‌ಗೆ ತಂದಿಟ್ಟಿದ್ದ, ಬಿಳಿ ಕೆನೆಯಂತೆ ಕಾಣುವ ಹುಳಿ ಮಯೊನೀಸ್ ಡಬ್ಬಿ ಎತ್ತಿಕೊಂಡು ಬಂದ. ಹಾರ್ಲನ್ ಅದನ್ನು ಬೆರಳಿನಲ್ಲಿ ಬಳಿದು ಹೊಲಿಗೆ ಹಾಕಿದ. ದೂರದಿಂದ ನೋಡಿದರೆ ಚೆಂಡು. ಹತ್ತಿರದಿಂದ ನೋಡಿದರೆ ಪಂದ್ಯ ಮುಗಿದ ಮೇಲಿನ ಚೆಂಡು.

ಈಗ ಒಳಗೆ ಒಯ್ಯುವವರು ಯಾರು? ಹಾರ್ಲನ್ ತಟ್ಟೆಯನ್ನು ಒಮ್ಮೆ ನೋಡಿ, ಓಡೆಲ್ ಹೊಟ್ಟೆಗೆ ಒತ್ತಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹಿಂದೆ ಸರಿದ.

"ತಗೋ. ನೀನೇ ಒಯ್ಯಿ."

ಓಡೆಲ್ ಖಾತ್ರಿ ಮಾಡಿಕೊಳ್ಳಲು ಎರಡು ಸಲ ಕೆಳಗೆ ನೋಡಿದ. ಕೇಕು ನಿಜವಾಗಿ ಕೈಯಲ್ಲಿತ್ತು. ಅವನು ಮೂಗನ್ನೊಮ್ಮೆ ಸೊರ್ರೆಂದು ಎಳೆದುಕೊಂಡು, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ನಡೆದ. ಹಾರ್ಲನ್ ಮುಂದೆ ಮುಂದೆ ಓಡಿ ಬಾಗಿಲು ತೆರೆದ, ಕುರ್ಚಿ ಸರಿಸಿದ, ಅಡ್ಡ ಬಂದ ಪಾದ್ರಿಗಳನ್ನೂ ಪಕ್ಕಕ್ಕೆ ತಳ್ಳಿದ.

ಹಾಲ್‌ನ ನಡುವಿನ ಮೇಜಿನ ಹತ್ತಿರ ಇಬ್ಬರೂ ಕಂಬದ ಹಾಗೆ ನಿಂತರು. ಮದುಮಗಳ ಕೇಕಿನ ಪಕ್ಕದಲ್ಲಿ, ಬಂಗಾರದ ಬಣ್ಣ ಬಳಿದು, ಸುರುಳಿ ಸುರುಳಿಯಾಗಿ ಹೊಳೆಯುವ ದೊಡ್ಡ ಟ್ಯೂಬಾ ಕೇಕು ಕೂತಿತ್ತು. ಎದುರಿಗೆ ನಿಂತಿದ್ದ ವೇಡ್ ಕಣ್ಣಲ್ಲಿ ನೀರು. ಬಾಯಲ್ಲಿ ಥ್ಯಾಂಕ್ಯೂ ಬಿಟ್ಟು ಬೇರೆ ಮಾತಿಲ್ಲ. ಕ್ಯಾಲಿ ಅವನ ತೋಳು ಹಿಡಿದು ನಗುತ್ತಿದ್ದಳು. ನೇಡೀನ್ ಕೈ ಕಟ್ಟಿಕೊಂಡು ನಿಂತಿದ್ದಳು.

"ಇದು ಯಾವಾಗ ಬಂತು?" ಎಂದ ಹಾರ್ಲನ್.

"ನೀವಿಬ್ರೂ ಹಿಂಬಾಗಿಲಲ್ಲಿ ಆಟ ಆಡ್ತಿದ್ರಲ್ಲ, ಆಗ. ಮುಂಬಾಗಿಲಿಂದ ಬಂತು. ಎಲ್ಲರ ಕಣ್ಣು ಒಂದು ಕಡೆ, ಮಾಲು ಇನ್ನೊಂದು ಕಡೆ. ನಿನ್ನ ಕಥೆ ಅಷ್ಟು ವರ್ಷ ಕೇಳಿದ್ದೀನಿ, ಒಂದು ಸಲನಾದ್ರೂ ಉಪಯೋಗಕ್ಕೆ ಬರಲಿ ಅಂತ."

"ಹಾಗಾದ್ರೆ ನಂಗೆ ಕೊಟ್ಟಿದ್ದು?"

"ಮೊನ್ನೆ ಮಿಕ್ಕಿದ್ದ ಮೆಕ್ಕೆಜೋಳದ ರೊಟ್ಟಿ."

ಓಡೆಲ್‌ಗೆ ನಗು ತಡೆಯಲಾಗಲಿಲ್ಲ. ಖಾಲಿ ಕೈಯಲ್ಲಿ ಓಡಿದವನ ಗತಿ ಇವತ್ತು ಯಾರಿಗೆ ಬಂತು ನೋಡು ಎಂದು ಬೀಗನ ಬೆನ್ನಿಗೆ ಗುದ್ದಿದ. ಅಷ್ಟರಲ್ಲಿ ನೇಡೀನ್ ಅವನ ಕೈಯಿಂದ ತಟ್ಟೆ ಇಸಿದುಕೊಂಡು, ಚಾಕು ತಗೊಂಡು, ಮಯೊನೀಸ್ ಹೊಲಿಗೆಯ ಮೇಲೆ ಸರಿಯಾಗಿ ಎರಡು ಪಾಲು ಮಾಡಿದಳು.

"ಮದುವೆ ಕೇಕು ಮಿಕ್ಕವರಿಗೆ. ಇದು ನಿಮ್ಮಿಬ್ರಿಗೆ. ಇಬ್ರಿಗೂ ಸಮ ಪಾಲಿದೆ, ಯಾರದು ಹೆಚ್ಚು ಅಂತ ವಾದ ಬೇಡ. ಬಾಯಲ್ಲಿ ಇದು ಇರೋವರೆಗೆ ಬೇರೆ ಮಾತೂ ಬೇಡ."

ಇಬ್ಬರೂ ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಕೂತು, ಹುಲ್ಲು ಸಿಕ್ಕಾಗ ತೆಗೆದು, ಪೂರ್ತಿ ತಿಂದರು. ಅವತ್ತು ಸೂರ್ಯ ಮುಳುಗುವವರೆಗೂ ಹಾರ್ಲನ್ ಬಾಯಿಂದ ಫುಟ್‌ಬಾಲ್ ಎಂಬ ಶಬ್ದ ಮತ್ತೆ ಹೊರಬೀಳಲಿಲ್ಲ.