ಅರ್ಧ ಬೆಲೆಗೆ ಮನೆ ರಿಪೇರಿ

ಬಸವೇಶ್ವರನಗರದ ನಮ್ಮ ಮನೆ ಗೇಟಿಗೆ ದಿನಾ ಬೆಳಿಗ್ಗೆ ಪೇಪರಿಗಿಂತ ಮೊದಲು ಒಂದು ಪಾಂಪ್ಲೆಟ್ ಬಂದು ಸಿಕ್ಕಿಕೊಂಡಿರುತ್ತೆ. ಅರ್ಧ ಬೆಲೆಗೆ ಅದು, ಫ್ರೀಯಾಗಿ ಇದು. ನಾನು ಅದನ್ನು ಕಸಕ್ಕೆ ಹಾಕುವಷ್ಟರಲ್ಲಿ ನಮ್ಮ ಯಜಮಾನರು ಫೋನ್ ಮಾಡಿ ಆಗಿರುತ್ತೆ. ರಿಟೈರಾದ ಮೇಲೆ ಅವರಿಗೆ ಅದೇ ಉದ್ಯೋಗ.

ಸಂಪ್ ತೊಳೆದರೆ ಟ್ಯಾಂಕ್ ಫ್ರೀ

ಬೀಗರು ಮೊದಲನೇ ಸಲ ಊಟಕ್ಕೆ ಬರುವವರಿದ್ದರು. ಅದೇ ಬೆಳಿಗ್ಗೆ ಕ್ಲೀನಿಂಗ್‌ನವರು ಬಂದು ಸಂಪನ್ನೂ ಟ್ಯಾಂಕನ್ನೂ ಒಂದು ತೊಟ್ಟೂ ಇಲ್ಲದ ಹಾಗೆ ಖಾಲಿ ಮಾಡಿ, ಉಜ್ಜಿ, ಫೋಟೋ ತೋರಿಸಿ ಹೋದರು. ಅವತ್ತು ಕಾವೇರಿ ನೀರು ಬಿಡುವ ದಿನ ಅಲ್ಲ ಅನ್ನೋದು ಆಮೇಲೆ ನೆನಪಾಯ್ತು. ಬೀಗರು ನಮ್ಮಲ್ಲಿ ಉಂಡು ಪಕ್ಕದ ಮನೆಯಲ್ಲಿ ಕೈ ತೊಳೆದರು. ಅಲ್ಲಿ ಕಾಫಿ ಕೊಟ್ಟರಂತೆ, ವಾಪಸ್ ಬರಲೇ ಇಲ್ಲ. ಸಂಜೆ ಟ್ಯಾಂಕರ್ ಬಂತು, ಬಿಟ್ಟ ನೀರು ಟೀ ಬಣ್ಣ. ಯಜಮಾನರು ಕ್ಲೀನಿಂಗ್‌ನವನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡರೆ ಆತ ಸಮಾಧಾನ ಮಾಡಿದ.

"ಬೇಜಾರ್ ಮಾಡ್ಕೋಬೇಡಿ ಸಾರ್. ಹಳೇ ಕಸ್ಟಮರಿಗೆ ಇನ್ನೂ ಕಮ್ಮಿ ರೇಟು."

ಜಿರಳೆ ಪ್ರಯಾಣ

ಆಫರ್‌ನಲ್ಲಿ ನಾವಿರೋ ಕೆಳಗಿನ ಮನೆಗೆ ಮಾತ್ರ ಔಷಧಿ ಹೊಡೆಸಿದೆವು. ಒಂದೂ ಜಿರಳೆ ಕಾಣಲಿಲ್ಲ. ಯಜಮಾನರು ಬೀದಿಗೆಲ್ಲ ಹೇಳಿಕೊಂಡು ಬಂದರು. ಮುಂದಿನ ವಾರ ಮತ್ತೆ ಅಡುಗೆಮನೆ ತುಂಬ ಜಿರಳೆ, ಇನ್ನೂ ದಷ್ಟಪುಷ್ಟ. ಮೇಲಿನ ಮನೆಯಲ್ಲಿ ಬಾಡಿಗೆಗೆ ಇರೋದು ಹುಬ್ಬಳ್ಳಿ ಕಡೆಯ ಹೆಂಗಸು. ವಿಷಯ ಏನು ಅಂತ ಕೇಳಿದೆ.

"ನಾವೂ ಅದ ಆಫರ್ ತಗೊಂಡ್ವಿರಿ ಆಂಟಿ. ನಿಮ್ಮವನ್ನ ನಿಮಗ ಕಳಿಸೀವಿ ನೋಡ್ರಿ."

ಗೋಡೆ ತಪಾಸಣೆ ಉಚಿತ

ಕೊನೆಗೆ ಬಂದವನು ಟೈ ಕಟ್ಟಿದ್ದ. ಗೋಡೆಯಲ್ಲಿ ತೇವ ಇದೆಯಾ ಅಂತ ನೋಡೋ ಪುಟ್ಟ ಮಿಷನ್ ತಂದಿದ್ದ. ಹಾಲ್, ರೂಮು, ದೇವರ ಮನೆ, ಇಟ್ಟಲ್ಲೆಲ್ಲ ಅದು ಕುಂಯ್ ಅಂತು. ಗೋಡೆಯೊಳಗೆಲ್ಲ ನೀರು ಹೊಕ್ಕಿದೆ, ಹೀಗೇ ಬಿಟ್ಟರೆ ಮನೆ ಕುಸಿಯುತ್ತೆ, ವಾಟರ್‌ಪ್ರೂಫ್ ಕೋಟ್ ಹೊಡೀಬೇಕು, ಇವತ್ತೇ ಬುಕ್ ಮಾಡಿದರೆ ಆಫರ್ ಅಂದ. ಯಜಮಾನರ ಮುಖ ಬಿಳಿಚಿಕೊಂಡಿತು. ಇರೋದೊಂದೇ ಮನೆ. ಗಿಲಾವೆಲ್ಲ ಕೀಳಿಸೋಕೂ ಒಪ್ಪಿಕೊಂಡು, ಸಹಿ ಹಾಕೋಕೆ ಕನ್ನಡಕ ಹುಡುಕತೊಡಗಿದರು.

ನಮ್ಮತ್ತೆ, ನಾಗರಬಾವಿ ಲೇಔಟ್ ಆಗುವ ಮುಂಚೆ ಅಲ್ಲಿ ರಾಗಿ ಬೆಳೆದವರು, ಸೋಫಾದಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಮೆಲ್ಲಗೆ ಅಂಗೈ ಚಾಚಿ, ಇಲ್ಲೂ ಒಸಿ ಇಡಪ್ಪ ಅಂದರು. ಆತ ಹಿಂದೆಮುಂದೆ ನೋಡಿ ಇಟ್ಟ. ಗೋಡೆಗಿಂತ ಜೋರಾಗಿ ಕುಂಯ್ ಅಂತು.

"ನನ್ನೊಳಗೂ ನೀರು ಹೊಕ್ಕೈತೆ ಕಣಪ್ಪ," ಅಂದರು ಅತ್ತೆ. "ಮನೆ ಆಮೇಲೆ ನೋಡೀವಂತೆ. ಮೊದ್ಲು ನಂಗೊಂದು ಕೋಟ್ ಹೊಡಿ."

ಆತ ಮಿಷನ್ ಬ್ಯಾಗಿಗೆ ತುಂಬಿಕೊಂಡ. ನಾನು ನಗು ತಡೆಯಲಾರದೆ ಒಳಗೆ ಹೋದೆ. ನಮ್ಮ ಯಜಮಾನರು ಮಾತ್ರ ಅಮ್ಮನನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಗಂಭೀರವಾಗಿ ಕೇಳಿದರು.

"ಸೀನಿಯರ್ ಸಿಟಿಜನ್ ಅಂದ್ರೆ ಡಿಸ್ಕೌಂಟ್ ಜಾಸ್ತಿ ಇರತ್ತಾ?"